ಗಂಗಲಕ್ಷ್ಮಮ್ಮನ ಅಂಡಮಾನ್

ಅಮ್ಮನ ತುರುಬು ಬಿಚ್ಚುತ್ತಿದ್ದ ನವ್ಯಶ್ರೀಯ ಕೈ ಅಲ್ಲೇ ನಿಂತಿತು. ತಲೆಗೆ ಇನ್ನೂ ಒಂದು ಚೊಂಬು ನೀರನ್ನೂ ಹಾಕಿರಲಿಲ್ಲ. ಆದರೂ ಕೂದಲಿನ ಒಳಗೆ ತೇವವಿತ್ತು.

"ಚಿಕ್ಕಮ್ಮ, ಅಮ್ಮ ನಿನ್ನೆ ತಲೆಗೆ ನೀರ್ ಹಾಕ್ಕೊಂಡಿದ್ಳಾ?"

ಬೈಲಪ್ಪನ ಹೆಂಡತಿ ಬಗ್ಗಿ ಕೂದಲು ಮುಟ್ಟಿದಳು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. "ನಿನ್ನೆ ಏನ್ ಹಬ್ಬಾನಾ ತಲೆಗೆ ಹಾಕ್ಕೊಳೋಕೆ? ಇದೇನೇ ಇದು, ಬ್ಲೀಚಿಂಗ್ ಪೌಡರ್ ವಾಸ್ನೆ!"

ಸುತ್ತ ಸೀರೆ ಮರೆ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗಲಕ್ಷ್ಮಮ್ಮ ಹಿಂದಿನ ಸಂಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋದವಳು ಹಸುವಿನ ಪಕ್ಕದಲ್ಲೇ ಕುಸಿದಿದ್ದಳು. ತೂಬಗೆರೆಯಿಂದ ಬಂದ ಡಾಕ್ಟರು ಹೃದಯ ನಿಂತಿದೆ ಎಂದು ಹೇಳಿ ಹೋಗಿದ್ದರು. ಮುತ್ತೈದೆ ಸಾವು, ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಬೆಳಗಿನಿಂದ ಎಲ್ಲರೂ ಹೇಳುತ್ತಿದ್ದರು.

ಬೈಲಪ್ಪನ ಹೆಂಡತಿ ಕೈ ತೊಳೆದುಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ಹತ್ತಿರ ಸರಿದವು. ಬೈಲಪ್ಪ ಎದ್ದು ಬಂದು ಜಗಲಿಯ ಮೇಲೆ ಅಣ್ಣನ ಪಕ್ಕ ಕುಳಿತ.

"ಅಣ್ಣ, ಅತ್ತಿಗೆ ನಿನ್ನೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ರು?"

"ದೊಡ್ಡಬಳ್ಳಾಪುರಕ್ಕೆ. ರವಿಕೆ ಹೊಲಿಯೋಕ್ ಕೊಡ್ಬೇಕು ಅಂದ್ಲು," ಎಂದ ಮುನಿವೆಂಕಟಪ್ಪ.

"ಎರಡು ತಿಂಗಳಿಂದ ರವಿಕೇನೇ ಹೊಲಿಸ್ತಾವ್ರೆ. ಅಷ್ಟೊಂದ್ ರವಿಕೆ ಎಲ್ಲಿವೆ ಮನೇಲಿ? ನೀನಾದ್ರೂ ಕೇಳ್ಬಾರ್ದಿತ್ತಾ?"

ಆ ಪ್ರಶ್ನೆ ತಮ್ಮನಿಗಿಂತ ಮೊದಲೇ ಮುನಿವೆಂಕಟಪ್ಪನ ತಲೆಯೊಳಗೆ ಹೊಕ್ಕಿತ್ತು.

*

ಅವನಿಗೆ ಮೊದಲು ಅನುಮಾನ ಹುಟ್ಟಿಸಿದ್ದು ಅವಳ ಕಣ್ಣು. ಪೇಟೆಯಿಂದ ಬಂದಾಗಲೆಲ್ಲ ಕಣ್ಣು ಕೆಂಪಗಿರುತ್ತಿತ್ತು. "ಅತ್ತಿದ್ಯಾ?" ಎಂದರೆ "ಬಸ್ಸಿನ ಧೂಳು" ಎನ್ನುತ್ತಿದ್ದಳು. ತಲೆಯ ಮೇಲೆ ಸೆರಗು ಹೊದ್ದೇ ಒಳಗೆ ಬರುತ್ತಿದ್ದಳು. ಆಮೇಲೆ ಹುಲ್ಲು ಕತ್ತರಿಸುವಾಗ ಏನೋ ಗುನುಗತೊಡಗಿದಳು. ಮದುವೆಯಾದಾಗಿನಿಂದ ಅವಳು ಹಾಡಿದ್ದನ್ನು ಅವನು ಕೇಳಿರಲಿಲ್ಲ. ಒಂದು ದಿನ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅವಳು ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿ, ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದಳು.

"ಏನೇ ಅದು?"

"ಬಿಕ್ಕಳಿಕೆ," ಎಂದು ಒಲೆಯ ಕಡೆ ತಿರುಗಿದಳು.

ಮುನಿವೆಂಕಟಪ್ಪ ಮಾರನೆಯ ವಾರ ದ್ರಾಕ್ಷಿ ತೋಟಕ್ಕೆ ಔಷಧಿ ತರುವ ನೆಪದಲ್ಲಿ ಅವಳ ಬಸ್ಸಿನ ಹಿಂದೆಯೇ ಬಂದ ಬಸ್ಸು ಹತ್ತಿದ. ದೊಡ್ಡಬಳ್ಳಾಪುರದಲ್ಲಿ ಜೈಬುನ್ನೀಸಾಳ ಟೈಲರ್ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ನಿಂತ. ಜೈಬುನ್ನೀಸಾ ಅವನ ಹೆಂಡತಿಗೆ ಬಾಣಂತನದ ಕಾಲದಿಂದ ರವಿಕೆ ಹೊಲಿದುಕೊಟ್ಟವಳು. ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು. ಆದರೆ ಸೀರೆಯುಟ್ಟು ಮನೆಯಿಂದ ಹೊರಟಿದ್ದ ಗಂಗಲಕ್ಷ್ಮಮ್ಮ ಚೂಡಿದಾರದಲ್ಲಿ ಅಂಗಡಿಯಿಂದ ಹೊರಗೆ ಬಂದಳು. ಹೆಲ್ಮೆಟ್ ಹಾಕಿದ ಒಬ್ಬ ಯುವಕ ಕೆಂಪು ಬೈಕಿನ ಮೇಲೆ ಕಾಯುತ್ತಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಕುಳಿತಳು. ಬೈಕು ಹೊರಟುಹೋಯಿತು.

ಅವನು ಟೀಯನ್ನು ಅರ್ಧಕ್ಕೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಬಂದ. ಔಷಧಿಯನ್ನೂ ತರಲಿಲ್ಲ.

ಪ್ರತಿ ದಿನ ಕೇಳಬೇಕೆಂದುಕೊಂಡ. ಮುದ್ದೆಯ ತಟ್ಟೆ ಮುಂದೆ ಬಂದಾಗ ತಲೆ ತಗ್ಗಿಸಿ ಉಂಡ. ಕೇಳಿದರೆ ಅವಳು ನಿಜ ಹೇಳಿಬಿಟ್ಟಾಳು ಎಂಬ ಹೆದರಿಕೆ. ನಿನ್ನೆ ಸಂಜೆ ಮಾತ್ರ ತಡೆಯಲಾಗಲಿಲ್ಲ. ಅವಳು ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಗೆ ಹೊರಟಿದ್ದಳು.

"ಯಾರವನು?"

"ಯಾರು?"

"ಬೈಕಿನೋನು."

ಗಂಗಲಕ್ಷ್ಮಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ನಕ್ಕಳು, ಕೈಯಲ್ಲಿದ್ದ ಪಾತ್ರೆ ಅಲ್ಲಾಡುವ ಹಾಗೆ. "ಅಯ್ಯೋ ದೇವ್ರೇ, ಎಷ್ಟ್ ದಿನದಿಂದ ಹೊಟ್ಟೇಲಿ ಇಟ್ಕೊಂಡಿದ್ರಿ ಇದನ್ನ! ಹಾಲ್ ಕರ್ಕೊಂಡು ಬರ್ತೀನಿ, ಇರಿ. ಎಲ್ಲಾ ಹೇಳ್ತೀನಿ."

ಅವಳು ಬರಲಿಲ್ಲ.

*

ತಮಟೆಯವರು ಬಂದು ಬೆಂಕಿಗೆ ತಮಟೆ ಕಾಯಿಸುತ್ತಿದ್ದಾಗ ಅಂಗಳದ ಮುಂದೆ ಕೆಂಪು ಬೈಕು ನಿಂತಿತು. ಬುರ್ಖಾ ತೊಟ್ಟ ಜೈಬುನ್ನೀಸಾ ಇಳಿದಳು. ಕೈಯಲ್ಲಿ ಸೇವಂತಿಗೆ ಹಾರವಿತ್ತು. ಬೈಕಿನವನು ಹೆಲ್ಮೆಟ್ ತೆಗೆದು ತಲೆ ತಗ್ಗಿಸಿ ನಿಂತ. ಮುನಿವೆಂಕಟಪ್ಪ ಜಗಲಿಯಿಂದ ಎದ್ದ.

ಬೈಲಪ್ಪ ಅಡ್ಡ ಬಂದ. "ಅಲ್ಲೇ ನಿಲ್ಲಮ್ಮ."

"ಮುಖ ನೋಡ್ಕೊಂಡು ಹೋಗ್ತೀನಿ, ಅಣ್ಣ."

"ನೋಡೋಕ್ ಮುಂಚೆ ಹೇಳು. ನಿನ್ನೆ ನಮ್ಮತ್ತಿಗೇನ ಎಲ್ಲಿಗ್ ಕರ್ಕೊಂಡ್ ಹೋಗಿದ್ದೆ? ಕೂದ್ಲು ಯಾಕೆ ಒದ್ದೆ? ಆ ವಾಸ್ನೆ ಏನು? ನೀನ್ ಹೇಳ್ತೀಯೋ, ಪೊಲೀಸ್ನೋರ್ನ ಕರೀಲೋ?"

"ಈ ಹುಡುಗ ಯಾರು?" ಮುನಿವೆಂಕಟಪ್ಪ ತಮ್ಮನನ್ನು ಪಕ್ಕಕ್ಕೆ ಸರಿಸಿ ಕೇಳಿದ.

"ನನ್ನ ಮಗ ರಾಹಿಲ್. ಚಿಕ್ಕೋನಿದ್ದಾಗ ನಿಮ್ ತೋಟಕ್ಕೆ ದ್ರಾಕ್ಷಿ ತಿನ್ನೋಕ್ ಬರ್ತಿದ್ನಲ್ಲ, ಇವ್ನೇ." ಜೈಬುನ್ನೀಸಾ ಸುತ್ತ ನಿಂತವರನ್ನು ನೋಡಿದಳು. ಸುಳ್ಳು ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿರುವಂತೆ ಎಲ್ಲರಿಗೂ ಕಂಡಿತು. "ನಾವು ಈಜು ಕಲಿಯೋಕೆ ಹೋಗ್ತಿದ್ವಿ, ಅಣ್ಣ. ಹೈವೇ ಪಕ್ಕ ಈಜುಕೊಳ ಐತಲ್ಲ, ಅಲ್ಲಿ ಮಧ್ಯಾಹ್ನ ಹೆಂಗಸರಿಗೆ ಹೇಳಿಕೊಡ್ತಾರೆ. ಅವಳನ್ನ ಇವನು ಬೈಕಲ್ಲಿ ಬಿಡೋನು, ನಾನು ಆಟೋದಲ್ಲಿ ಹೋಗ್ತಿದ್ದೆ."

ಯಾರೋ ಹಿಂದಿನಿಂದ ನಕ್ಕರು. ನವ್ಯಶ್ರೀ ಬಾಗಿಲಿಗೆ ಬಂದಿದ್ದಳು. "ಯಾಕೆ ಸುಳ್ಳು ಹೇಳ್ತೀರ ಆಂಟಿ? ಅಮ್ಮ ಬಸ್ಸು ಕೆರೆ ಏರಿ ಮೇಲೆ ಹೋದ್ರೇ ಕಣ್ ಮುಚ್ಕೋತಿದ್ಳು."

"ಹೌದಮ್ಮ. ಅದಕ್ಕೇ ಕಲೀಬೇಕು ಅಂದ್ಲು. ನಾವು ಅಂಡಮಾನಿಗೆ ಹೊರಟಿದ್ವಿ."

"ಅಂಡಮಾನಾ?" ಮೂಲೆಯಲ್ಲಿ ಕುಳಿತಿದ್ದ ಮುದುಕನೊಬ್ಬ ಕೇಳಿದ. "ಕರಿನೀರಿನ ಶಿಕ್ಷೆಗೆ ಹಾಕ್ತಿದ್ರಲ್ಲ, ಅಲ್ಲಿಗಾ?"

*

ಜೈಬುನ್ನೀಸಾಳ ಮಗಳು ಜಬೀನ್ ಮದುವೆಯಾಗಿ ಪೋರ್ಟ್ ಬ್ಲೇರ್‌ನಲ್ಲಿದ್ದಳು. ಅಮ್ಮ ಬಾ ಎಂದು ಕರೆಯುತ್ತಲೇ ಇದ್ದಳು. ಒಬ್ಬಳೇ ವಿಮಾನ ಹತ್ತಲು ಜೈಬುನ್ನೀಸಾಳಿಗೆ ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಗಂಗಲಕ್ಷ್ಮಮ್ಮ ಅಂಗಡಿಯಲ್ಲಿದ್ದಾಗ ಜಬೀನ್ ಫೋನಿಗೆ ವಿಡಿಯೋ ಕಳಿಸಿದಳು. ನೀಲಿ ನೀರು, ಅದರ ಕೆಳಗೆ ಗಿಡದ ಹಾಗೆ ಕವಲೊಡೆದು ನಿಂತ ಏನೋ, ಅದರ ಸಂದಿಯಲ್ಲಿ ಹಳದಿ ಮೀನು.

"ಅದು ಯಾವ ಗಿಡವೇ?"

"ಗಿಡ ಅಲ್ವಂತೆ. ಹವಳವಂತೆ. ಜೀವ ಇರತ್ತಂತೆ ಅದಕ್ಕೆ."

ಗಂಗಲಕ್ಷ್ಮಮ್ಮ ತಾಳಿಯ ಸರವನ್ನು ಹೊರಗೆಳೆದು ಅದರಲ್ಲಿದ್ದ ಎರಡು ಹವಳದ ಮಣಿಗಳನ್ನು ಬೆಳಕಿಗೆ ಹಿಡಿದಳು. "ಇದನ್ನ ಕಲ್ಲು ಅಂದ್ಕೊಂಡಿದ್ದೆ ಕಣೇ ಜೈಬು. ಇಷ್ಟು ವರ್ಷ ಕತ್ತಿಗೆ ಹಾಕ್ಕೊಂಡಿದ್ದೀನಿ. ಜೀವ ಇದ್ದಾಗ ಹೆಂಗಿರತ್ತೆ ಅಂತ ಒಂದ್ಸಲ ನೋಡ್ಬೇಕು."

ಅವತ್ತೇ ಹೊರಡುವ ಮಾತು ಶುರುವಾಯಿತು. ಡೈರಿಗೆ ಹಾಕುವ ಹಾಲಿನ ದುಡ್ಡು ಅವಳದೇ ಆಗಿತ್ತು. ಅಲ್ಲಿ ರಾಗಿ ಸಿಗದಿದ್ದರೆ ಹಿಟ್ಟು ಕಟ್ಟಿಕೊಂಡು ಹೋಗುವುದು. ವಿಮಾನದಲ್ಲಿ ಕಿಟಕಿಯ ಪಕ್ಕ ಹೋಗುವಾಗ ಒಬ್ಬಳು, ಬರುವಾಗ ಇನ್ನೊಬ್ಬಳು. ದೋಣಿಯವರು ತೇಲುವ ಅಂಗಿ ತೊಡಿಸುತ್ತಾರೆ, ಈಜು ಬರಬೇಕಾಗಿಲ್ಲ ಎಂದು ಜಬೀನ್ ಎಷ್ಟು ಹೇಳಿದರೂ ಗಂಗಲಕ್ಷ್ಮಮ್ಮ ಕೇಳಲಿಲ್ಲ. "ಇನ್ನೊಬ್ರ ಕೈ ಹಿಡ್ಕೊಂಡು ನೋಡೋದಾದ್ರೆ ನಿನ್ ಫೋನಲ್ಲೇ ನೋಡ್ತೀನಿ ಬಿಡು."

ಮೊದಲ ದಿನ ಕೊಳದ ಕಂಬಿಯನ್ನು ಬಿಡದೆ ನಿಂತಿದ್ದಳು. ಕಲಿಸುವ ಹರ್ಷಿತ ಎಂಬ ಹುಡುಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮೂಗಿಗೆ ನೀರು ಹೋಗಿ, ಕೆಮ್ಮಿ, ಬೈದು, ಮತ್ತೆ ಇಳಿದಳು. ನಿನ್ನೆ ಮೊದಲ ಸಲ ಆಳದ ಕಡೆಯಿಂದ ಈ ದಡಕ್ಕೆ ಒಬ್ಬಳೇ ಬಂದಿದ್ದಳು. ಬಂದು, ಜೈಬುನ್ನೀಸಾಳ ಕೊರಳು ತಬ್ಬಿ, ಅವಳನ್ನೂ ನೀರಿಗೆ ಬೀಳಿಸಿದ್ದಳು.

*

"ಐವತ್ತೈದು ದಾಟಿದೋಳನ್ನ ನೀರಿಗಿಳಿಸಿ ಕೊಂದ್ಬಿಟ್ರಿ," ಎಂದಳು ಬೈಲಪ್ಪನ ಹೆಂಡತಿ.

ಜೈಬುನ್ನೀಸಾಳ ಮುಖ ಬಿಳಿಚಿತು. "ನಂಗೂ ಸುದ್ದಿ ಬಂದಾಗಿನಿಂದ ಅದೇ ಕೊರೀತಾ ಇದೆ ಅಕ್ಕ. ನನಗೆ ಗೊತ್ತಿಲ್ಲ."

ಆಗ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅವಳು ನಿಲ್ಲಿಸಲು ಹೋದಳು. ನವ್ಯಶ್ರೀ ಫೋನನ್ನು ಕಿತ್ತುಕೊಂಡು ವಿಡಿಯೋ ಕರೆ ಎತ್ತಿದಳು. ಪರದೆಯಲ್ಲಿ ಅತ್ತು ಮುಖ ಊದಿಸಿಕೊಂಡ ಹೆಣ್ಣು. ಅವಳ ಹಿಂದೆ ತೆಂಗಿನ ಮರ, ಅದರಾಚೆ ಸಮುದ್ರ.

"ನೀನು ನವ್ಯ ಅಲ್ವಾ? ನಾನು ಜಬೀನ್. ಗಂಗಮ್ಮ ಆಂಟೀನ ತೋರ್ಸೇ ಒಂದ್ಸಲ. ಅವರಿಗೆ ಅಂತ ರೂಮ್ ತೊಳೆದಿಟ್ಟಿದ್ದೆ ಕಣೇ..."

ನವ್ಯಶ್ರೀ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು. ಹೋಗುತ್ತಾ ತಿರುಗಿ, "ಬನ್ನಿ ಆಂಟಿ," ಎಂದಳು. ಬೈಲಪ್ಪ ಅಣ್ಣನ ಕಡೆ ನೋಡಿದ. ಮುನಿವೆಂಕಟಪ್ಪ ದಾರಿ ಬಿಟ್ಟು ನಿಂತಿದ್ದ.

ಮಣ್ಣು ಮಾಡಿದ್ದು ತೋಟದ ಮೂಲೆಯಲ್ಲಿ. ಎಲ್ಲರೂ ಹಿಡಿ ಮಣ್ಣು ಹಾಕಿದರು. ದ್ರಾಕ್ಷಿ ಚಪ್ಪರದ ಕೆಳಗೆ ದೂರ ನಿಂತಿದ್ದ ಜೈಬುನ್ನೀಸಾಳನ್ನು ಮುನಿವೆಂಕಟಪ್ಪನೇ ಕರೆದ. ಅವಳು ಮಣ್ಣು ಹಾಕಿ ಕೈ ಒರೆಸಿಕೊಳ್ಳುವಾಗ ಅವನು ಮೆಲ್ಲಗೆ ಕೇಳಿದ.

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"ಹೇಳಿದ್ರೆ ಬೇಡ ಅಂತಾರೆ. ಈಜು ಬಂದ್ಮೇಲೆ ಹೇಳ್ತೀನಿ, ಆಗ ಬೇಡ ಅನ್ನೋದು ಕಷ್ಟ ಆಗತ್ತೆ ಅಂತಿದ್ಲು."

"ನನ್ನೂ ಕರ್ಕೊಂಡ್ ಹೋಗೋ ಮಾತು ಏನಾದ್ರೂ ಬಂದಿತ್ತಾ?"

ಜೈಬುನ್ನೀಸಾ ಅವನ ಮುಖ ನೋಡಿದಳು. ಹೌದು ಎಂದುಬಿಡಬಹುದಿತ್ತು.

"ಇಲ್ಲ ಅಣ್ಣ. ಬಂದಿರ್ಲಿಲ್ಲ."

ಅವನು ತಲೆಯಾಡಿಸಿದ. ಬೆಳಗಿನಿಂದ ಕೇಳಿದ ಮಾತುಗಳಲ್ಲಿ ಅವನು ಸಂಶಯವಿಲ್ಲದೆ ನಂಬಿದ್ದು ಅದೊಂದನ್ನೇ.

ಮಣ್ಣಿನ ಕೆಲಸ ಮುಗಿಸಿದ ಗಂಡಸರು ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಸ್ನಾನಕ್ಕೆ ಬಂದರು. ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಂಡು, ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಲು ಒಬ್ಬೊಬ್ಬರೇ ಹೊರಟರು. ಬೈಲಪ್ಪ ಪಂಚೆ ಹಿಂಡುತ್ತಾ ಹೇಳಿದ, "ಆ ಸಾಬರ ಹೆಂಗ್ಸು ಹೇಳಿದ್ನೆಲ್ಲ ನಂಬ್ಬೇಡ ಅಣ್ಣ. ಈಜುಕೊಳದ ಹತ್ರ ನಾನೇ ಹೋಗಿ ವಿಚಾರಿಸ್ತೀನಿ. ಆ ಹುಡುಗನ್ನೂ ನೋಡ್ಕೋತೀನಿ."

ಬೈಲಪ್ಪ ತಿರುಗಿ ನೋಡಿದ. ಅಣ್ಣ ಚೊಂಬು ಮುಟ್ಟಿರಲಿಲ್ಲ. ಉಟ್ಟ ಪಂಚೆಯಲ್ಲೇ ಎದೆಮಟ್ಟದ ತೊಟ್ಟಿಗೆ ಇಳಿದಿದ್ದ. ಸಿಮೆಂಟಿನ ಅಂಚನ್ನು ಎರಡೂ ಕೈಯಿಂದ ಬಿಗಿಹಿಡಿದು, ಆಕಾಶಕ್ಕೆ ಮುಖ ಮಾಡಿ ಹಿಂದಕ್ಕೆ ವಾಲಿದ್ದ. ಪಾಚಿ ಹಿಡಿದ ನೆಲದಿಂದ ಅವನ ಒಂದು ಕಾಲು ಮೇಲಕ್ಕೆದ್ದಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಎದ್ದಿತು. ಕಿವಿಗಳು ನೀರಿನೊಳಗೆ ಮುಳುಗಿದ್ದವು. ಬೈಲಪ್ಪ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಬಲಗೈಯ ಬೆರಳುಗಳು ಅಂಚಿನಿಂದ ಒಂದೊಂದಾಗಿ ಸಡಿಲಾಗುತ್ತಿದ್ದವು.