ಬಾಣಲೆ ಇಡದ ದೀಪಾವಳಿ

ಸಾಬವ್ವನ ಗಂಡ ಅಂಬಾರಾಯ ಆಷಾಢದಲ್ಲಿ ತೀರಿಕೊಂಡ. ದೀಪಾವಳಿ ಬಂತು, ಅವಳ ಬಾಣಲೆ ಅಟ್ಟದಿಂದ ಇಳಿಯಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆಂದು ಎಣ್ಣೆಯ ಬಾಣಲೆ ಇಡುವಂತಿಲ್ಲ. ಅವರ ಆಳಂದ ಕಡೆಯಲ್ಲೂ ಇದೇ ರೂಢಿ, ಅವರು ಬಂದು ನೆಲೆಸಿದ ಮರಾಠಿ ಸೀಮೆಯ ಸದಾಶಿವ ಪೇಠದ, ಹತ್ತಾರು ಸಂಸಾರಗಳ ಈ ವಾಡೆಯಲ್ಲೂ ಇದೇ ರೂಢಿ. ಬೇರೆ ಯಾವುದಕ್ಕೂ ಒಮ್ಮತಕ್ಕೆ ಬಾರದ ಎರಡು ಸೀಮೆಯ ಜನ ಇಂಥದಕ್ಕೆ ಮಾತ್ರ ತಕರಾರಿಲ್ಲದೆ ತಲೆಯಾಡಿಸುತ್ತಾರೆ.

ಬಾಣಲೆ ಇಡದ ಮನೆಗೆ ನೆರೆಯವರೇ ಫರಾಳ ಕೊಡಬೇಕು. ಕೊಟ್ಟರು, ಸುಳ್ಳು ಹೇಳಬಾರದು. ಚಕ್ಕಲಿ, ಶಂಕರಪಾಳಿ, ಚಿವಡಾ, ತಟ್ಟೆಯ ಮೇಲೆ ತಟ್ಟೆ ಬಂದವು. ಆದರೆ ತಂದವರು ಹೊಸ್ತಿಲ ಆಚೆಯೇ ನಿಂತು, ಮಲಗಿದ ಕೂಸು ಎದ್ದೀತು ಎಂಬಂತೆ ದನಿ ತಗ್ಗಿಸಿ ಎರಡು ಮಾತಾಡಿ ಹೊರಟುಬಿಡುತ್ತಿದ್ದರು. ದಿನಕರ್ಮ ಮುಗಿದಂದಿನಿಂದ ಸಾಬವ್ವನ ನಡುಮನೆಯಲ್ಲಿ ಹೊರಗಿನವರು ಯಾರೂ ಕೂತಿರಲಿಲ್ಲ. ಆಗ ಬಂದವರೂ ಮಗ ಮಹೇಶಕುಮಾರನನ್ನು ಮಾತಾಡಿಸಿ ಹೋದವರೇ. ಹಿಂದೆಲ್ಲ ಹಬ್ಬವೆಂದರೆ ಅವಳ ಕರ್ಚಿಕಾಯಿಗೆ ವಾಡೆಯ ಅರ್ಧ ಹೆಂಗಸರು ಇಲ್ಲೇ ಠಿಕಾಣಿ ಹೂಡುತ್ತಿದ್ದರು. ಈಗ ಅವಳು ಕೈಯೊಡ್ಡಿ ತಟ್ಟೆ ಇಸಿದುಕೊಳ್ಳಬೇಕು, ತೊಳೆದು ಬರಿದೇ ಹಿಂದಿರುಗಿಸಬೇಕು. ಗಂಡ ಹೋದದ್ದಕ್ಕೆ ಅತ್ತರೆ ಯಾರೂ ಬೇಡವೆನ್ನುವುದಿಲ್ಲ. ಜನ ಹೋದದ್ದಕ್ಕೆ ಅಳುವುದು ಯಾರ ಮುಂದೆ?

ಧನತೇರಸದ ಮಧ್ಯಾಹ್ನ ವಾಡೆಯ ಹೆಂಗಸರು ನಾನಖಟಾಯಿ ಬಿಸ್ಕತ್ತು ಮಾಡಿಸಲು ಹಿಟ್ಟು, ತುಪ್ಪ, ಸಕ್ಕರೆಯ ಡಬ್ಬಿಗಳನ್ನು ಹೊತ್ತು ಬೇಕರಿಗೆ ಹೊರಟರು. ಕಲಸಿ ಕೊಟ್ಟರೆ ಭಟ್ಟಿಯಲ್ಲಿ ಸುಟ್ಟು ಕೊಡುವ ಪದ್ಧತಿ ಅಲ್ಲಿ ಮೊದಲಿಂದಲೂ ಇತ್ತು. ಕಿಟಕಿಯಲ್ಲಿ ಕೂತು ನೋಡುತ್ತಿದ್ದ ಸಾಬವ್ವ ಅವರು ಮರೆಯಾದ ಮೇಲೂ ಅಲ್ಲೇ ಕೂತಿದ್ದಳು. ಆಮೇಲೆ ಸೊಸೆಯನ್ನು ಕರೆದಳು.

"ಶಿವಕಾಂತಾ, ಬಾಣಲಿ ಇಡಬಾರದು ಅಂದಾರ. ಮರಳು ಇಡಬಾರದು ಅಂತ ಯಾರರೆ ಹೇಳ್ಯಾರೇನು?"

ಅತ್ತೆಗೆ ತಲೆ ಕೆಟ್ಟಿತೆಂದು ಶಿವಕಾಂತಾ ಒಂದು ಗಳಿಗೆ ಹೆದರಿದಳು. ಸಾಬವ್ವ ಬಿಡಿಸಿ ಹೇಳಿದಳು. ಕುಕ್ಕರಿನ ರಬ್ಬರು, ಸೀಟಿ ತೆಗೆದಿಟ್ಟು, ತಳಕ್ಕೆ ಮರಳು ಹಾಕಿ ಕಾಯಿಸಿ, ಮೇಲೆ ತಟ್ಟೆ ಇಟ್ಟು ಮುಚ್ಚಿದರೆ ಅದೇ ಭಟ್ಟಿ. ಎಣ್ಣೆಯಿಲ್ಲ, ಕರಿಯುವುದಿಲ್ಲ, ಬಾಣಲೆಯ ಹೆಸರೇ ಇಲ್ಲ. ಜನ ಏನಂದಾರು ಎಂದು ಸೊಸೆ ಕೇಳಿದಳು. ಏನಾದರೂ ಅಂದರೆ ಒಳ್ಳೆಯದೇ, ಈಗ ಯಾರೂ ಏನೂ ಅನ್ನುತ್ತಿಲ್ಲವಲ್ಲ, ಅದೇ ತೊಂದರೆ ಎಂದು ಸಾಬವ್ವ ಸೆರಗು ಸಿಕ್ಕಿಸಿ ಎದ್ದಳು.

ಎದುರಿಗೆ ಹಳೆಯ ವಾಡೆಯೊಂದನ್ನು ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದರು. ಅಲ್ಲಿನ ಗೌಂಡಿಗಳು ಇವರ ಕಡೆಯವರೇ. ಕನ್ನಡದಲ್ಲಿ ಕೇಳಿದ್ದೇ ತಡ, ಬುಟ್ಟಿ ಮರಳು ಮನೆಗೇ ಬಂತು. ಆದರೆ ಬೀದಿಯ ಮರಳು, ಹಬ್ಬದ ಪದಾರ್ಥ, ಮೇಲಾಗಿ ಸಾಬವ್ವನ ಮಡಿ. ಅಕ್ಕಿ ತೊಳೆದಂತೆ ತೊಳೆದಳು, ಮತ್ತೆ ತೊಳೆದಳು, ನೀರು ತಿಳಿಯಾಗುವ ತನಕ ಬಿಡಲಿಲ್ಲ. ಒಣಗಿಸುವ ತಾಳ್ಮೆ ಮಾತ್ರ ಉಳಿದಿರಲಿಲ್ಲ. ಮರುದಿನ ಹಸಿ ಮರಳನ್ನೇ ಕುಕ್ಕರಿಗೆ ಸುರಿದು, ಏಲಕ್ಕಿ ಹಾಕಿ ನಾದಿದ ಉಂಡೆಗಳನ್ನು ತಟ್ಟೆಯಲ್ಲಿ ಜೋಡಿಸಿ ಮುಚ್ಚಿಟ್ಟಳು. ತೆಗೆದಾಗ ಉಗಿ ಗಪ್ಪನೆ ಮುಖಕ್ಕೆ ಹೊಡೆಯಿತು. ಒಳಗೆ ಬೆಳ್ಳಗೆ, ಮೆತ್ತಗೆ, ಬೆವರುತ್ತ ಕೂತಿದ್ದವು ನಾನಖಟಾಯಿಗಳು.

"ಇಡ್ಲಿ ಆಗ್ಯಾವಲ್ರಿ ಅತ್ತಿ" ಅಂದಳು ಶಿವಕಾಂತಾ. ಅಂದವಳೇ ನಕ್ಕುಬಿಟ್ಟಳು. ಆಷಾಢದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ತಪ್ಪಾಯಿತೆಂದು ಅವಳು ಬಾಯಿಗೆ ಕೈ ಇಟ್ಟುಕೊಳ್ಳುವಷ್ಟರಲ್ಲಿ ಸಾಬವ್ವನಿಗೂ ನಗೆ ತಡೆಯಲಾಗಲಿಲ್ಲ.

ಎರಡನೆಯ ಸಲ ಮರಳನ್ನು ಬೂದಿಯಷ್ಟು ಒಣಗುವ ಹಾಗೆ ಹುರಿದರು. ಈ ಸಲ ತುಪ್ಪದ ಘಮಲು ಅಡುಗೆಮನೆ ದಾಟಿ, ನಡುಮನೆ ದಾಟಿ, ವಾಡೆಯ ಅಂಗಳಕ್ಕೇ ಇಳಿಯಿತು. ಮುಚ್ಚಿಡುವ ಮಾತೇ ಇರಲಿಲ್ಲ. ನಾನಖಟಾಯಿಗಳು ನೆತ್ತಿ ಬಿರಿದು, ಅಂಚು ಕೆಂಪಗಾಗಿ, ಮುಟ್ಟಿದರೆ ಉದುರುವ ಹಾಗೆ ಆಗಿದ್ದವು. ಸಾಬವ್ವ ಒಂದು ತಟ್ಟೆ ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ, ಕೆಳಗಿನ ಸಾವಿತ್ರಿಬಾಯಿಯ ಮನೆಗೆ ಇಳಿದಳು. ವಾಡೆಗೆಲ್ಲ ಹಿರಿಯರು ಸಾವಿತ್ರಿಬಾಯಿ. ಏಕಾದಶಿ ಯಾವತ್ತು ಎಂಬುದರಿಂದ ಹಿಡಿದು ಸೂತಕ ಯಾರಿಗೆ ಎಂಬುದರ ತನಕ ಎಲ್ಲದಕ್ಕೂ ಅವರದೇ ಕೊನೆಯ ಮಾತು. ಅವರು ತಟ್ಟೆ ತೆಗೆದುಕೊಂಡರೆ ಎಲ್ಲರೂ ತೆಗೆದುಕೊಂಡಂತೆ.

ಬಾಣಲೆ ಇಟ್ಟಿರಾ ಎಂದು ಸಾವಿತ್ರಿಬಾಯಿ ಮರಾಠಿಯಲ್ಲಿ ಕೇಳಿದರು. ಇಲ್ಲ, ಮರಳು ಎಂದು ಸಾಬವ್ವ ತನ್ನ ವಾದವನ್ನೆಲ್ಲ ಒಪ್ಪಿಸಿದಳು. ಸಾವಿತ್ರಿಬಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಮಾಡಿದ್ದರಲ್ಲಿ ತಪ್ಪಿಲ್ಲ, ಆದರೆ ವರ್ಷದೊಳಗೆ ಸಾವಾದ ಮನೆಯ ತಟ್ಟೆ ಹೊಸ್ತಿಲು ದಾಟಬಾರದು, ತಾವು ತೆಗೆದುಕೊಳ್ಳುವ ಹಾಗಿಲ್ಲ ಎಂದರು.

ಸಾಬವ್ವ ಮತ್ತೆ ಮೆಟ್ಟಿಲು ಹತ್ತಿದಳು. ಅಷ್ಟು ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಗಂಡ ಹೋಗಿ ನಾಲ್ಕು ತಿಂಗಳಾಗಿಲ್ಲ, ಈ ವಯಸ್ಸಿನಲ್ಲಿ ತಿಂಡಿ ಹೊತ್ತು ತಿರುಗಲು ಹೋದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ತಟ್ಟೆಯನ್ನು ನೆಲದ ಮೇಲಿಟ್ಟು ಗೋಡೆಗೆ ಆತು ಕೂತಳು. ಶಿವಕಾಂತಾ ಪಕ್ಕಕ್ಕೆ ಬಂದು ಕೂತಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಏದುಸಿರು ಕೇಳಿಸಿತು. ಸಾವಿತ್ರಿಬಾಯಿ ಮೊಣಕಾಲು ಹಿಡಿದುಕೊಂಡು ಒಳಗೆ ಬಂದರು, ಚಾಪೆಯ ಮೇಲೆ ಕೂತರು, ತಟ್ಟೆ ಎಳೆದುಕೊಂಡರು.

"ತಟ್ಟೆ ಹೊರಗೆ ಬರಬಾರದು ಅಂದೆ" ಎಂದರು ತಮ್ಮ ಮರಾಠಿಯಲ್ಲಿ. "ನಾವು ಒಳಗೆ ಬಂದು ತಿನ್ನಬಾರದು ಅಂತ ಎಲ್ಲೂ ಇಲ್ಲ."

ಒಂದು ತಿಂದು ಏಲಕ್ಕಿ ಹೆಚ್ಚಾಯಿತೆಂದು ಕುಂದು ಹೇಳಿದರು, ಹೇಳುತ್ತಲೇ ಇನ್ನೊಂದು ತೆಗೆದುಕೊಂಡರು. ಕಿಟಕಿಗೆ ಹೋಗಿ ನೆರೆಯ ಕುಸುಮಳನ್ನೂ ಗೋದಾಳನ್ನೂ ಕೂಗಿದರು. ಅವರಿಬ್ಬರ ಹಿಂದೆ ಉಳಿದವರೂ ಬಂದರು. ಸಾವಿತ್ರಿಬಾಯಿ ಕೂತ ಮೇಲೆ ನಿಂತಿರುವ ಧೈರ್ಯ ಯಾರಿಗಿತ್ತು? ನಡುಮನೆ ತುಂಬಿತು. ಮರಳಿನ ಕಥೆ ಕೇಳಿ ನಕ್ಕರು. ನಕ್ಕು ಸುಮ್ಮನಾದ ಮೇಲೆ ಸಾವಿತ್ರಿಬಾಯಿ ಸಾಬವ್ವನ ಕಡೆ ತಿರುಗಿ, ಯಜಮಾನರು ಹೋಗುವಾಗ ಏನಾದರೂ ಹೇಳಿದರೇ ಎಂದು ಕೇಳಿದರು.

ಇಷ್ಟು ದಿನದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಸಾಬವ್ವ ಮರಾಠಿಯಲ್ಲೇ ಶುರು ಮಾಡಿದಳು. ಬೆಳಗ್ಗೆ ಎದ್ದದ್ದು, ಮುಖ ತೊಳೆದದ್ದು, ಚಹಾ ಕೊಟ್ಟದ್ದು. ಅಲ್ಲಿಗೆ ಬರುವಷ್ಟರಲ್ಲಿ ಮರಾಠಿ ಕೈಕೊಟ್ಟಿತು.

"ಸಕ್ರಿ ಕಡಿಮಿ ಆಗೇದ ಅಂದ್ರು. ನಾ ತರಾಕ ಒಳಗ ಹೋದೆ. ಅಷ್ಟ. ಬರೂದ್ರಾಗ..."

ಆಮೇಲೆ ಅವಳು ಅತ್ತಳು, ಅಳುತ್ತಲೇ ಕನ್ನಡದಲ್ಲಿ ಹೇಳುತ್ತ ಹೋದಳು. ಆ ಹೆಂಗಸರಿಗೆ ಒಂದು ಮಾತೂ ತಿಳಿಯಲಿಲ್ಲ. ಸಂಜೆಯಾಯಿತು, ದೀಪ ಹಚ್ಚುವ ಹೊತ್ತಾಯಿತು. ಯಾರೂ ಎದ್ದು ಹೋಗಲಿಲ್ಲ.