ಮೂರನೇ ಅವಧಿ

ಹಿಮಾಯತ್‌ನಗರದ ಬೆಳವಲ ಕನ್ನಡ ಸಂಘದ ಮಹಾಸಭೆಯಲ್ಲಿ ಉಪ್ಪಿಟ್ಟು ಮೊದಲು, ಠರಾವು ಆಮೇಲೆ. ಹೊಟ್ಟೆ ತುಂಬಿದವರು ಸಲೀಸಾಗಿ ಕೈ ಎತ್ತುತ್ತಾರೆಂದು ಅಧ್ಯಕ್ಷ ಗುರುಸಿದ್ದಪ್ಪನಿಗೆ ಗೊತ್ತಿತ್ತು. ಒಬ್ಬರು ಎರಡೇ ಅವಧಿಗೆ ಅಧ್ಯಕ್ಷರಾಗಬಹುದೆಂಬ ನಿಯಮವನ್ನು ಇವತ್ತು ತೆಗೆಸಬೇಕಿತ್ತು. ಅವನ ಎರಡನೆಯ ಅವಧಿ ಮುಂದಿನ ತಿಂಗಳು ಮುಗಿಯುತ್ತಿತ್ತು.

"ದೇಶದ ರಾಷ್ಟ್ರಪತಿಗೇ ಸಂವಿಧಾನದಾಗ ಇಷ್ಟ ಸಲ ಅಂತ ಮಿತಿ ಇಲ್ಲ. ನಮ್ಮ ಸಂಘ ಏನು ದೇಶಕ್ಕಿಂತ ದೊಡ್ಡದೇನ್ರಿ?" ಎಂದ. ಸಭೆ ನಕ್ಕಿತು.

ರೇಣುಕಾ ನಗಲಿಲ್ಲ. ಸಂಘದ ಹಾಸ್ಟೆಲಿನಲ್ಲಿದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಹಾಸ್ಟೆಲಿನವರ ಪರವಾಗಿ ಸಮಿತಿಯಲ್ಲಿ ಅವಳಿಗೊಂದು ಕುರ್ಚಿಯಿತ್ತು. ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ ಎಂದ ಗೆಳತಿ ಪಿಂಕಿಯನ್ನು ಗುರುಸಿದ್ದಪ್ಪ ಹೋದ ತಿಂಗಳು ಯಾರನ್ನೂ ಕೇಳದೆ ಹೊರಗೆ ಹಾಕಿದ್ದ. ಬಾಯಿ ತೆಗೆದರೆ ತನ್ನ ರೂಮೂ ಹೋಗುತ್ತದೆ, ಪರೀಕ್ಷೆ ಬೇರೆ ಹತ್ತಿರವಿದೆ. ಗೊತ್ತಿದ್ದೇ ಎದ್ದು ನಿಂತಳು.

"ಕಾಕಾ, ನೀವು ಹೇಳಿದ್ದು ಖರೇ ಐತ್ರಿ. ಮಿತಿ ತೆಗೀರಿ."

ಗುರುಸಿದ್ದಪ್ಪ ಮೀಸೆ ನೀವಿಕೊಂಡ. "ನೋಡ್ರಿ, ಓದಿದ ಹುಡುಗಿ!"

"ಆದರ ಅದೇ ಸಂವಿಧಾನದಾಗ ರಾಷ್ಟ್ರಪತಿ ಮಂತ್ರಿಮಂಡಲ ಹೇಳಿದಂಗ ನಡೀಬೇಕ್ರಿ. ಒಪ್ಪದಿದ್ರ, ಮತ್ತೊಮ್ಮೆ ವಿಚಾರ ಮಾಡ್ರಿ ಅಂತ ಒಂದು ಸಲ ವಾಪಸ್ ಕಳಸಬಹುದು. ಅವರು ಮತ್ತ ಅದನ್ನೇ ಹೇಳಿದ್ರ ಸುಮ್ನ ಒಪ್ಪಬೇಕು. ಅದನ್ನೂ ಠರಾವಿನಾಗ ಸೇರಸ್ರಿ. ಸಮಿತಿ ಹೇಳದ ಹೊರತು ಅಧ್ಯಕ್ಷರು ಯಾರನ್ನೂ ಹೊರಗ ಹಾಕಂಗಿಲ್ಲ, ಒಂದು ಬಲ್ಬ್ ಸೈತ ಬದಲಸಂಗಿಲ್ಲ."

ಹಿಂದಿನ ಸಾಲಿನಿಂದ ಹಳೆಯ ಸದಸ್ಯೆ ಸುಂದರಾಬಾಯಿ, "ಹಂಗಿದ್ರ ಸಾಯೋತನಕ ನೀವ ಇರ್ರಿ ಅಣ್ಣಾರ, ನಮ್ಮದೇನೂ ತಕರಾರಿಲ್ಲ!" ಎಂದಳು. ಈ ಸಲದ ನಗು ಬೇರೆ ಥರದ್ದು.

"ಹಂಗಾದ್ರ ನಾ ಅಧ್ಯಕ್ಷ ಆಗಿ ಏನು ಮಾಡ್ಲಿ? ಹಾರ ಹಾಕ್ಕೊಂಡು ಕುಂಡ್ರಲೇನು?" ಎಂದು ಗುರುಸಿದ್ದಪ್ಪ ಗುಡುಗಿದ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳ ಮಾತನ್ನು ಸೇರಿಸದೆಯೇ ಠರಾವನ್ನು ಮತಕ್ಕೆ ಹಾಕಿದ. ಎದ್ದ ಕೈಗಳು ನಾಲ್ಕೈದು, ಅದರಲ್ಲಿ ಒಂದು ಅವನ ಅಳಿಯನದು. ಹಳೆಯ ನಿಯಮವೇ ಉಳಿಯಿತು.

ಮೆಟ್ಟಿಲ ಬಳಿ ಅವನು ರೇಣುಕಾಳನ್ನು ತಡೆದ. "ಇನ್ನೂ ಒಂದು ತಿಂಗಳು ನಾನ ಅಧ್ಯಕ್ಷ. ಸಂಜಿಯೊಳಗ ರೂಮ್ ಖಾಲಿ ಮಾಡು."

ಯಾರೂ ಅಡ್ಡ ಬರಲಿಲ್ಲ. ಠರಾವು ಬೀಳಿಸಿದವರೆಲ್ಲ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು. ರೇಣುಕಾ ಮೇಲೆ ಹೋಗಿ ಟ್ರಂಕು ಇಳಿಸಿಕೊಂಡು ಬಂದಳು. ದಿಲ್‌ಸುಖ್‌ನಗರದಲ್ಲಿ ಪಿಂಕಿ ಹಿಡಿದಿದ್ದ ರೂಮಿನಲ್ಲಿ ಇನ್ನೊಬ್ಬರು ಕಾಲು ಚಾಚುವಷ್ಟು ಜಾಗವಿತ್ತು.

ಗೇಟಿನಲ್ಲಿ ನಿಂತಿದ್ದ ಗುರುಸಿದ್ದಪ್ಪ, "ತಪ್ಪಾತು ಅನ್ನು. ವಿಚಾರ ಮಾಡ್ತೀನಿ" ಎಂದ.

"ಮುಂದಿನ ತಿಂಗಳು ಬಂದು ಅಧ್ಯಕ್ಷರನ್ನ ಕೇಳ್ತೀನ್ರಿ ಕಾಕಾ," ಎಂದಳು ರೇಣುಕಾ. "ಯಾರಾಗ್ತಾರೋ ಗೊತ್ತಿಲ್ಲ. ನೀವಂತೂ ಅಲ್ಲ."