ಪುತ್ತಿಗೆಗೆ ಒಂದು ಟ್ರಿಪ್ಪು

ನವರಾತ್ರಿ ಮುಗಿದು ಮಳೆಗಾಲದ ಏಣೆಲು ಭತ್ತದ ಕೊಯ್ಲು ಶುರುವಾಗಿತ್ತು. ವಾಮದಪದವಿನ ಕೆಳಗಿನ ಬೈಲಿಗೆ ಕಟಾವಿನ ಯಂತ್ರ ಬೆಳಗ್ಗೆ ಏಳಕ್ಕೇ ಇಳಿದಿತ್ತು. ಅದರ ಹಿಂದೆ ಕೊಕ್ಕರೆಗಳು, ಕೊಕ್ಕರೆಗಳ ಹಿಂದೆ ಬೈಹುಲ್ಲು ಕಟ್ಟುವ ಹೆಂಗಸರು. ಮೇಲೆ ರಸ್ತೆಬದಿಯ ತನ್ನ ತಗಡಿನ ಶೆಡ್ಡಿನಲ್ಲಿ ಶೇಖರ ಕಾರಿನ ಬಾನೆಟ್ಟು ಎತ್ತಿ, ವಾಲ್ವು ಒತ್ತುವ ಟ್ಯಾಪೆಟ್ಟಿನ ಸಂದಿಗೆ ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ಎಳೆಯುತ್ತಿದ್ದ. ಪಟ್ಟಿ ಸಲೀಸಾಗಿ ಬಂದರೆ ಇಂಜಿನ್ ಟಕಟಕ ಅನ್ನುತ್ತದೆ, ಸಿಕ್ಕಿಬಿದ್ದರೆ ವಾಲ್ವು ಸುಡುತ್ತದೆ. ಕಟ್ಟಿನೊಳಗಿಂದ ಒದ್ದೆ ಬೀಡಿ ಎಲೆ ಎಳೆದ ಹಾಗೆ, ಸ್ವಲ್ಪ ತಡೆದು ಬರಬೇಕು. ಹಾಗೆಂದು ಕಲಿಸಿದವರು ಊರಿನ ಗ್ಯಾರೇಜಿನ ಹಕೀಂ ಮೇಸ್ತ್ರಿ. ಎಂಟು ಸಂದಿಗಳನ್ನೂ ನಿನ್ನೆಯೇ ಸರಿಮಾಡಿಯಾಗಿತ್ತು. ಇವತ್ತು ಮತ್ತೆ ನೋಡುತ್ತಿದ್ದದ್ದು ಹೊತ್ತು ಹೋಗದೆ. ಸೇಸಮ್ಮ ಹತ್ತು ಗಂಟೆಗೆ ಬನ್ನಿ ಎಂದಿದ್ದರು; ಆಗಿನ್ನೂ ಎಂಟಾಗಿತ್ತಷ್ಟೆ.

ಸೇಸಮ್ಮನನ್ನು ಈ ಕಾರಿನಲ್ಲಿ ಪುತ್ತಿಗೆಯ ಅವರ ತವರಿಗೆ ಕರೆದುಕೊಂಡು ಹೋಗಿ ಬರಬೇಕಾಗಿತ್ತು. ಕಾರು ಕೊಳ್ಳುವಾಗ ಕೊಟ್ಟ ಮಾತು ಅದು. ಆರು ವರ್ಷದಿಂದ ಬಾಕಿ ಇತ್ತು.

ಕಾರು ಸೇಸಮ್ಮನ ಗಂಡ ಡೊಂಬಯ್ಯನವರದು. ಅರುವತ್ತೆಂಟರ ಅಂಬಾಸಿಡರ್. ಬಸ್ಸುಗಳು ಕಡಿಮೆಯಿದ್ದ ಕಾಲದಲ್ಲಿ ಅವರು ಅದನ್ನು ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮಾರ್ಗವಾಗಿ ವಾಮದಪದವಿಗೆ ಸರ್ವಿಸ್ ಓಡಿಸುತ್ತಿದ್ದರು. ಎದುರಿಗೆ ನಾಲ್ವರು, ಹಿಂದೆ ಆರು ಮಂದಿ, ಡಿಕ್ಕಿಯ ಬಾಗಿಲನ್ನು ಹಗ್ಗದಲ್ಲಿ ಎತ್ತಿ ಕಟ್ಟಿ ಅದರೊಳಗೆ ಶಾಲೆ ಮಕ್ಕಳು. ಆ ಡಿಕ್ಕಿಯಲ್ಲಿ ಹಿಂದುಮುಂದಾಗಿ ಕೂತು, ರಸ್ತೆ ತನ್ನನ್ನು ಬಿಟ್ಟು ಓಡುವುದನ್ನು ನೋಡುತ್ತಲೇ ಹೈಸ್ಕೂಲು ಮುಗಿಸಿದವನು ಶೇಖರ. ಮುಂದೆ ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳನ್ನು ನಂಬಿ ಹೋಟೆಲಿಟ್ಟು ಇಪ್ಪತ್ತೆಂಟು ವರ್ಷ ನಡೆಸಿದ. ಇಬ್ಬರು ತಂಗಿಯರ ಮದುವೆ ಮಾಡಿದ. ತನ್ನದು ಇವತ್ತು ನಾಳೆ ಎನ್ನುತ್ತ ಹಾಗೇ ಉಳಿಯಿತು. ಐವತ್ತಕ್ಕೆ ಮಂಡಿನೋವು ಹಿಡಿದಾಗ ಹೋಟೆಲು ಮಾರಿ ಊರಿಗೆ ಬಂದ. ದಿನಕ್ಕೆ ಮುನ್ನೂರು ಊಟ ಬಡಿಸಿದವನಿಗೆ ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂದೇ ಅಂದಾಜಾಗುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಅನ್ನವೆಲ್ಲ ನಾಯಿಗೆ ಹೋಯಿತು.

ಆ ದಿನಗಳಲ್ಲೊಮ್ಮೆ ಸೇಸಮ್ಮನ ಮನೆಯ ದಾರಿಯಾಗಿ ಹೋಗುವಾಗ ತೆಂಗಿನ ಮಡಲಿನ ಮಾಡಿನ ಕೆಳಗೆ ಕಾರು ಕಂಡಿತು. ಡೊಂಬಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಕಾರು ಕೊಡ್ತೀರಾ ಎಂದು ಅವನು ಕೇಳಿದಾಗ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಸೇಸಮ್ಮ ತಲೆಯೆತ್ತದೆ ಹೇಳಿದರು:

“ಗುಜರಿಯವ ಹೇಳಿದ ರೇಟೇ ಕೊಡಿ, ನನಗೆ ಹೆಚ್ಚು ಬೇಡ. ಆದರೆ ಒಂದು ಮಾತು ಉಂಟು.”

“ಎಂಥ ಸೇಸಕ್ಕ?”

“ಅವರು ಊರಿಗೆಲ್ಲ ಕಾರು ಬಿಟ್ಟರು. ನಾನು ತವರಿಗೆ ಹೋದದ್ದು ಬಸ್ಸಲ್ಲಿ ನೇತಾಡಿಕೊಂಡು. ಕೇಳಿದರೆ, ಸೀಟು ಖಾಲಿ ಇಲ್ಲ, ಒಂದು ದಿನ ಖಾಲಿ ಕಾರಲ್ಲಿ ನಿನ್ನೊಬ್ಬಳನ್ನೇ ಕೂರಿಸಿ ಪುತ್ತಿಗೆಗೆ ಬಿಡ್ತೇನೆ ಅಂತ. ಇಪ್ಪತ್ತೇಳು ವರ್ಷ ಅದನ್ನೇ ಹೇಳಿದರು. ಕಾರು ನಿಮಗೆ ಬಂದರೆ ಆ ಬಾಕಿಯೂ ನಿಮ್ಮ ತಲೆಗೆ. ರಿಪೇರಿ ಆದ ಮೇಲೆ ನೀವು ಬಿಡಬೇಕು.”

“ಆರು ತಿಂಗಳು ಸಾಕು ಸೇಸಕ್ಕ,” ಅಂದಿದ್ದ ಶೇಖರ.

ಆರು ತಿಂಗಳು ಸಾಕಾಗುತ್ತಿತ್ತು ಕೂಡ. ಹಕೀಂ ಮೇಸ್ತ್ರಿ ಆ ಕಾಲದಲ್ಲೇ ಡೊಂಬಯ್ಯನವರ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿದವರು. ಅದರ ಮುಚ್ಚಳ ಬಿಚ್ಚಿ ನೋಡಿ, “ಒಂದು ಸೆಟ್ಟು ಪಿಸ್ಟನ್ ಹಾಕಿದರೆ ಇನ್ನೂ ಹತ್ತು ವರ್ಷ ಇದೇ ಓಡ್ತದೆ ಶೇಖರಣ್ಣ. ಇದನ್ನು ಕೀಳಬೇಡಿ,” ಎಂದಿದ್ದರು. ಆದರೆ ಅಷ್ಟರಲ್ಲಿ ಶೇಖರನನ್ನು ಯಾರೋ ಹಳೇ ಕಾರುಗಳವರ ವಾಟ್ಸಾಪ್ ಗುಂಪಿಗೆ ಸೇರಿಸಿಯಾಗಿತ್ತು. ಅಲ್ಲಿ ಮೂಡುಬಿದಿರೆಯ ಹಲ್ಲಿನ ಡಾಕ್ಟ್ರು ತರುಣ್, ಶೇಖರನ ಕಾರಿನ ಫೋಟೋ ನೋಡಿ ಬರೆದ: “ಬಾಡಿ ಚೆನ್ನಾಗುಂಟು ಅಣ್ಣ. ಆದರೆ ಡೀಸೆಲ್ ಇಂಜಿನ್ ಇದ್ದರೆ ಅದು ಕಾರಲ್ಲ, ಪಂಪ್‌ಸೆಟ್ಟು.” ನಗುವ ಮುಖಗಳು ಇಪ್ಪತ್ತೋ ಮೂವತ್ತೋ ಬಿದ್ದವು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಜನ ನಗುವುದು ಹೊಸತಲ್ಲ. ಆದರೆ ಈ ಮಂದಿ ಅವನಿಗೆ ಬಹಳ ದಿನದ ಮೇಲೆ ಸಿಕ್ಕಿದ ಮಂದಿ.

ಹಾಗೆ ಶುರುವಾಯಿತು. ಡೀಸೆಲ್ ಇಂಜಿನ್ ಕಿತ್ತು, ಕಂಪೆನಿಯಿಂದ ಬರುವಾಗ ಇದ್ದಂಥದ್ದೇ ಪೆಟ್ರೋಲ್ ಇಂಜಿನ್ ಕೊಯಮತ್ತೂರಿನಿಂದ ತರಿಸಿದ. ಮುಂದಿನ ಗ್ರಿಲ್ಲಿಗೆ ಎರಡು ವರ್ಷ ಕಾದ. ಕಪ್ಪು-ಹಳದಿ ಬಣ್ಣವನ್ನು ಲೋಹದವರೆಗೂ ಉಜ್ಜಿ ತೆಗೆದಾಗ ಬಾಗಿಲ ಮಡಿಕೆಯೊಳಗೆ ಅಂಗೈಯಗಲ ಬೂದು ಬಣ್ಣ ಸಿಕ್ಕಿತು. ಅದೇ ಕಂಪೆನಿಯ ಬಣ್ಣ ಎಂದು ಗುಂಪಿನವರು ಖಾತ್ರಿ ಮಾಡಿದ ಮೇಲೆ ಅದನ್ನೇ ಹೊಡೆಸಿದ. ಆಮೇಲೆ ಸದ್ದುಗಳ ಬೆನ್ನು ಹತ್ತಿದ. ಬಾಗಿಲಿನದ್ದು, ಗೇರಿನದ್ದು, ಹಿಂದಿನ ಸ್ಪ್ರಿಂಗ್ ಪಟ್ಟಿಯದ್ದು. ಇಂಜಿನ್ ನಡೆಯುತ್ತಿರುವಾಗ ಅದರ ಮೇಲೆ ಐದು ರೂಪಾಯಿಯ ನಾಣ್ಯ ನೆಟ್ಟಗೆ ನಿಲ್ಲಬೇಕು. ನಿಂತ ದಿನ ವಿಡಿಯೋ ಹಾಕಿದ. ತರುಣ್ ಕೈಮುಗಿಯುವ ಚಿತ್ರ ಕಳಿಸಿದ. ಶೇಖರನ ಫೋನು ಆ ವರ್ಷಗಳಲ್ಲಿ ಬಹಳ ಸಲ ಬಡಿಯಿತು, ಬಡಿದದ್ದೆಲ್ಲ ಬಿಡಿಭಾಗದ ವಿಚಾರಕ್ಕೆ.

ಸೇಸಮ್ಮ ರೇಶನ್ ಅಂಗಡಿಯಲ್ಲಿ ಸಿಕ್ಕಿದಾಗಲೆಲ್ಲ ಒಂದೇ ಕೇಳುತ್ತಿದ್ದರು: “ನಮ್ಮ ಕಾರು ಎಲ್ಲಿಯವರೆಗೆ ಬಂತು?” ಅವನು ಮೊದಮೊದಲು ನಾಚಿದ. ಆಮೇಲೆ ಆ ಪ್ರಶ್ನೆ ಅವನಿಗೆ ಬೇಕಾಯಿತು. ಊರಲ್ಲಿ ಅವನಿಂದ ಏನಾದರೂ ಬರಬೇಕೆಂದು ಕಾಯುತ್ತಿದ್ದವರು ಅವರೊಬ್ಬರೇ. ಕಳೆದ ಮಳೆಗಾಲದಲ್ಲಿ ಕಾರು ಪೂರ್ತಿಯಾಗಿದ್ದರೂ, ವೈಪರ್ ಸರಿಯಿಲ್ಲ, ಸೀಟಿನ ದಾರ ಸರಿಯಿಲ್ಲ ಎಂದು ಎರಡು ತಿಂಗಳು ಹೆಚ್ಚು ಎಳೆದದ್ದು ಅದಕ್ಕೇ ಇರಬೇಕು. ಹೋಗಿ ಬಂದ ಮೇಲೆ ಮುಂದೇನೆಂದು ಅವನಿಗೆ ಗೊತ್ತಿರಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಕಾರು ಸೇಸಮ್ಮನ ಅಂಗಳದಲ್ಲಿ ನಿಂತಿತು. ಅವರು ಗಂಜಿ ಹಾಕಿದ ಸೀರೆಯುಟ್ಟು, ಜಗಲಿಯಲ್ಲಿ ಕೂತು, ಬೆನ್ನು ಈ ಕಡೆ ಮಾಡಿ ಬಾಳೆಹಣ್ಣಿನ ಚಿಪ್ಪನ್ನು ಚೀಲಕ್ಕೆ ತುಂಬುತ್ತಿದ್ದರು. ತಿರುಗಲೇ ಇಲ್ಲ. ಶೇಖರ ಇಳಿದು ಹತ್ತಿರ ಹೋಗಿ, “ಹೊರಡುವನಾ ಸೇಸಕ್ಕ?” ಎಂದ ಮೇಲೆ ಬೆಚ್ಚಿ ನೋಡಿದರು.

“ನೀವು ಬಂದದ್ದೇ ಗೊತ್ತಾಗಲಿಲ್ಲ ಮಾರಾಯ್ರೆ. ಬೆಳಗ್ಗಿನಿಂದ ಕಿವಿ ರಸ್ತೆಯ ಕಡೆಗೇ ಇತ್ತು.” ಅವನ ಹೆಗಲಿನಾಚೆ ಬೇಲಿಯ ದಣಪೆಯತ್ತ ಕತ್ತು ಚಾಚಿದರು. “ಕಾರೆಲ್ಲಿ?”

“ಇದೇ ಅಲ್ವಾ.”

ಸೇಸಮ್ಮ ಅಂಗಳಕ್ಕಿಳಿದು ಕಾರಿಗೆ ಒಂದು ಸುತ್ತು ಬಂದರು. ಬಾಗಿಲ ಮೇಲೆ ಕೈಯಿಟ್ಟು, ಬಿಸಿಯೋ ಎಂಬಂತೆ ತೆಗೆದರು.

“ಬಣ್ಣ ಬೇರೆ.”

“ಇದು ಕಂಪೆನಿಯ ಬಣ್ಣ. ಡೊಂಬಯ್ಯಣ್ಣ ತೆಗೊಳ್ಳುವ ಮೊದಲು ಹೀಗೇ ಇತ್ತು ಕಾರು.”

“ಹಾಗಾದರೆ ನಾನು ನೋಡಿದ್ದಲ್ಲ,” ಎಂದರು ಸೇಸಮ್ಮ. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳಿದ ಹಾಗೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಸೀಟಿಗೆ ಹತ್ತಿದರು. ಅವನು ಎಷ್ಟು ಹೇಳಿದರೂ ಚಪ್ಪಲಿ ಹಾಕಲಿಲ್ಲ.

ಕಾರು ಸಿದ್ಧಕಟ್ಟೆ ದಾಟಿತು. ಎರಡೂ ಬದಿಯ ಗದ್ದೆಗಳಲ್ಲಿ ಹುಲ್ಲಿನ ಸೂಡಿಗಳು ಒಣಗುತ್ತಿದ್ದವು. ಕನ್ನಡಿಯಲ್ಲಿ ಸೇಸಮ್ಮ ಮಡಿಲ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಅಷ್ಟಗಲದ ಸೀಟಿನ ತೀರಾ ಅಂಚಿನಲ್ಲಿ, ಇನ್ನೂ ಐದು ಜನ ಹತ್ತಲಿಕ್ಕಿದ್ದಾರೆ ಎನ್ನುವ ಹಾಗೆ ಕೂತಿದ್ದರು.

“ಸರಿಯಾಗಿ ಒರಗಿ ಕೂರಿ ಸೇಸಕ್ಕ. ನೀವೊಬ್ಬರೇ ಅಲ್ವಾ.”

“ಹ್ಞಾ,” ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು: “ಶಾಲೆ ಹತ್ತಿರದ ಏರಿನಲ್ಲಿ ಅವರು ಗೇರು ಬದಲಿಸಿದರೆ ನನಗೆ ಅಡಿಗೆಮನೆಗೆ ಕೇಳ್ತಿತ್ತು. ಆಗ ಗಂಜಿ ಬಿಸಿಗೆ ಇಡುವುದು. ಅಂಗಳಕ್ಕೆ ಬಂದು ಇಂಜಿನ್ ಆಫ್ ಮಾಡಿದರೂ ಅದು ಕೂಡಲೇ ನಿಲ್ತಿರಲಿಲ್ಲ. ನಾಲ್ಕು ಸಲ ಮೈ ಕೊಡವಿಕೊಂಡು, ಎಮ್ಮೆ ಮಲಗುವ ಹಾಗೆ. ಆಮೇಲೆ ಬಾಗಿಲು. ಒಂದು ಸಲಕ್ಕೆ ಹಾಕುವುದೇ ಇಲ್ಲ, ಎರಡು ಸಲ ದಬ್ಬಬೇಕು. ಎರಡನೇದು ಕೇಳಿದ ಮೇಲೆ ನಾನು ಬಟ್ಟಲಿಗೆ ಬಡಿಸುವುದು.” ಇಂಜಿನ್ನಿನ ಕಡೆಗೆ ಕಿವಿಗೊಟ್ಟು, “ಇದು ಏರಿನಲ್ಲಿಯೂ ಮಾತಾಡುವುದಿಲ್ಲ,” ಎಂದರು.

“ಒಳ್ಳೆ ಕೆಲಸ ಅಂದರೆ ಅದೇ ಸೇಸಕ್ಕ. ಆರು ವರ್ಷ ಹಿಡಿಯಿತು.”

“ಕೆಲಸ ಒಳ್ಳೆದುಂಟು. ಇಲ್ಲ ಅಂತ ಹೇಳುವುದಿಲ್ಲ.”

ಆ ಮಾತು ಕೇಳಿದಾಗ ಶೇಖರನಿಗೆ ಡಿಕ್ಕಿಯ ತಗಡು ಬೆನ್ನುಮೂಳೆಗೆ ನಡುಕ ಕೊಡುತ್ತಿದ್ದದ್ದು, ಶಾಲೆಯ ಅಂಗಿಗೆ ಹತ್ತಿದ ಡೀಸೆಲ್ ವಾಸನೆಗೆ ಅಮ್ಮ ಬೈಯುತ್ತಿದ್ದದ್ದು ನೆನಪಾಯಿತು. ಈ ಆರು ವರ್ಷಗಳಲ್ಲಿ ಅದು ಯಾವುದೂ ಅವನಿಗೆ ಈ ಕಾರಿನಲ್ಲಿ ಸಿಕ್ಕಿರಲಿಲ್ಲ. ಸಿಗಲಿಲ್ಲ ಎಂಬುದು ಇವತ್ತಿನವರೆಗೆ ತಲೆಗೆ ಹೋಗಿಯೂ ಇರಲಿಲ್ಲ.

ಪುತ್ತಿಗೆಯಲ್ಲಿ ಸೇಸಮ್ಮನ ತಮ್ಮನ ಸೊಸೆ ಚಿತ್ರಾ ಬೆಲ್ಲ, ನೀರು ತಂದಿಟ್ಟಳು. ಮಕ್ಕಳು ಕಾರಿಗೆ ಒರಗಿ ಫೋಟೋ ತೆಗೆದುಕೊಂಡರು. ಅಂಗಳದಲ್ಲೇ ನಿಂತಿದ್ದ ಶೇಖರನನ್ನು ನೋಡಿ ಚಿತ್ರಾ, “ಇವರು ಯಾರು ಅತ್ತೆ?” ಎಂದು ಕೇಳಿದಳು.

“ಕಾರಿನವರು. ನಮ್ಮ ವಾಮದಪದವಿನವರೇ,” ಎಂದರು ಸೇಸಮ್ಮ. “ಅವರಿಗೂ ಊಟ ಹಾಕು. ದೂರದಿಂದ ಬಂದದ್ದು.”

ಊಟವನ್ನು ಜಗಲಿಯಲ್ಲಿ ಹಾಕಿದರು. ಒಳಗಿನಿಂದ ಮಾತು, ನಗು ಕೇಳುತ್ತಿತ್ತು. ಸೇಸಮ್ಮ ಗಂಡನ ವಿಷಯವೇನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಶೇಖರ ಕೋಳಿ ಸಾರಿನಲ್ಲಿ ಕೊಟ್ಟೆ ಕಡುಬು ತಿಂದು, ಬಟ್ಟಲು ತೊಳೆದಿಟ್ಟು, ಕಾರಿನ ಮೇಲೆ ಬಿದ್ದಿದ್ದ ಮಾವಿನ ಎಲೆಗಳನ್ನು ಒಂದೊಂದಾಗಿ ತೆಗೆದ.

ತಿರುಗಿ ವಾಮದಪದವಿಗೆ ಮುಟ್ಟುವಾಗ ನಾಲ್ಕು ಗಂಟೆ. ಸೇಸಮ್ಮ ಅಂಗಳದಲ್ಲಿಳಿದು, ಚಪ್ಪಲಿ ಹಾಕಿಕೊಂಡು, ಸೆರಗಿನ ಗಂಟು ಬಿಚ್ಚಿದರು. ನಾಲ್ಕು ಮಡಿಕೆ ಮಾಡಿದ ನೋಟುಗಳನ್ನು ಬಿಡಿಸಿ ಅವನ ಮುಂದೆ ಹಿಡಿದರು.

“ರಿಕ್ಷಾದವ ಹೋಗಿ ಬರಲಿಕ್ಕೆ ಎಂಟುನೂರು ಹೇಳ್ತಾನೆ. ಇದು ಅಷ್ಟುಂಟು. ಪೆಟ್ರೋಲಿಗೆ ಸಾಕಾಗಲಿಕ್ಕಿಲ್ಲ, ಬೇಜಾರು ಮಾಡಬೇಡಿ.”

“ಎಂಥ ಸೇಸಕ್ಕ ಇದು? ನಿಮಗೆ ಕೊಡಬೇಕಾದ ಟ್ರಿಪ್ಪಲ್ವಾ ಇದು?”

“ಹಾಗಲ್ಲ. ಅವರದ್ದೊಂದು ಕ್ರಮ ಇತ್ತು. ಬೇರೆಯವನ ಗಾಡಿಯಲ್ಲಿ ಕೂತರೆ ಬಾಡಿಗೆ ಕೊಟ್ಟೇ ಇಳಿಯಬೇಕು, ಗಾಡಿಯವರ ಮನೆಯವರು ಪುಕ್ಕಟೆ ಕೂತರೆ ಲೈನಿನ ಗಾಡಿಯವರಿಗೆಲ್ಲ ಮರ್ಯಾದೆ ಇಲ್ಲ ಅಂತ. ನನ್ನ ಅಳಿಯನ ರಿಕ್ಷಾದಲ್ಲಿಯೂ ನಾನು ಪುಕ್ಕಟೆ ಕೂತದ್ದಿಲ್ಲ, ಬೇಕಾದರೆ ಕೇಳಿ. ಪುಕ್ಕಟೆ ಅಂದರೆ ನಮ್ಮ ಕಾರಲ್ಲಿ ಮಾತ್ರ.”

“ಇದು ನಿಮ್ಮದೇ ಕಾರು.”

ಸೇಸಮ್ಮ ನೋಟುಗಳನ್ನು ಅವನ ಅಂಗಿಯ ಜೇಬಿಗೆ ತಾವೇ ತುರುಕಿದರು. ಅವರಿಗೆ ಅರಳುಮರಳೇನೂ ಇರಲಿಲ್ಲ. ಕಣ್ಣು ನೆಟ್ಟಗೆ ಅವನ ಮೇಲಿತ್ತು.

“ಸಿಟ್ಟಿಗೆ ಹೇಳುವುದಲ್ಲ ಶೇಖರಣ್ಣ. ಒಳ್ಳೆ ಕಾರು, ಸೊಂಟ ನೋಯಲಿಲ್ಲ. ಆದರೆ ನಾನು ಕೊಟ್ಟದ್ದು ಇದಲ್ಲ. ಅದು ಸರಿಯಾದ ಮೇಲೆ ಅದನ್ನೂ ತನ್ನಿ. ಅವಸರ ಇಲ್ಲ. ನಾನು ಎಲ್ಲಿಗೆ ಹೋಗುವುದುಂಟು, ಇಲ್ಲೇ ಇರ್ತೇನೆ.”

ಅವನು ಏನೋ ಒಂದು ಹೇಳಿ ಕಾರು ತಿರುಗಿಸಿದ.

ಮನೆಗೆ ಹೋಗಲು ಮನಸ್ಸಾಗದೆ ಹಕೀಂ ಮೇಸ್ತ್ರಿಯ ಗ್ಯಾರೇಜಿಗೆ ಬಂದ. ಮೇಸ್ತ್ರಿ ಸಂಜೆಯ ಅಸರ್ ನಮಾಜು ಮುಗಿಸಿ ಬಂದು, ಹುಲ್ಲು ಸಾಗಿಸುವ ಪಿಕಪ್ಪಿನ ಪಕ್ಕ ಗೋಣಿ ಹಾಸುತ್ತಿದ್ದರು.

“ಹೇಗಾಯ್ತು ಸವಾರಿ? ಋಣ ಹರಿಯಿತಲ್ಲ ಇನ್ನು.”

“ಬಾಡಿಗೆ ಕೊಟ್ಟರು,” ಎಂದ ಶೇಖರ.

ಹಕೀಂ ನಕ್ಕರು. ಅವನ ಮುಖ ನೋಡಿ ನಗು ನಿಲ್ಲಿಸಿದರು. ಶೇಖರ ಕಾರಿನಿಂದಿಳಿದು ಬಾಗಿಲು ಹಾಕಿದ. ಅದು ಮೆತ್ತಗೆ ಕೂತಿತು.

“ಮೇಸ್ತ್ರಿ, ಆ ಡೀಸೆಲ್ ಇಂಜಿನ್ ಯಾರಿಗೆ ಕೊಟ್ಟದ್ದು ನಾವು?”

“ಯಾರಿಗೆ ಅಂತ ಎಲ್ಲಿ ಉಂಟು? ಗುಜರಿಯವ ಕೊಂಡುಹೋದದ್ದು, ಕಿಲೋ ಲೆಕ್ಕದಲ್ಲಿ. ನೀವೇ ಅಲ್ವಾ ತಕ್ಕಡಿ ಹತ್ತಿರ ನಿಂತದ್ದು. ಈಗ ಅದು ಕಬ್ಬಿಣದ ಸರಳಾಗಿ ಯಾರದೋ ಮನೆಯ ತಾರಸಿಯೊಳಗೆ ಇರಬಹುದು.” ಸ್ವಲ್ಪ ಯೋಚಿಸಿ, “ಅದೇ ಜಾತಿಯದ್ದು ಬೇರೆ ಹುಡುಕಬಹುದು. ಹುಡುಕುವ ಬೇಕಾದರೆ,” ಎಂದರು.

“ಅದು ಬೇರೆಯೇ ಆಗ್ತದಲ್ಲ.”

“ಆಗ್ತದೆ.”

ಬೈಲಿನಲ್ಲಿ ಕಟಾವಿನ ಯಂತ್ರ ಕೊನೆಯ ಗದ್ದೆಯಲ್ಲಿ ತಿರುಗುತ್ತಿತ್ತು.

“ಕಡೆಗೆ ಎಂಥ ಹೇಳಿದರು ಅವರು?” ಮೇಸ್ತ್ರಿ ಕೇಳಿದರು.

“ಅವಸರ ಇಲ್ಲ, ಅದು ಸರಿಯಾದ ಮೇಲೆ ತನ್ನಿ ಅಂದರು.”

“ನೀವು?”

“ತರ್ತೇನೆ ಅಂದೆ.”

ಹಕೀಂ ಮೇಸ್ತ್ರಿ ಗೋಣಿಯ ಮೇಲೆ ಅಂಗಾತ ಮಲಗಿ ಪಿಕಪ್ಪಿನ ಅಡಿಗೆ ಸರಿದರು. ಒಳಗಿನಿಂದ ಕೈ ಚಾಚಿ ಹದಿನಾಲ್ಕರ ಸ್ಪಾನರ್ ಕೇಳಿದರು. ಶೇಖರ ಪೆಟ್ಟಿಗೆಯಲ್ಲಿ ಹುಡುಕಿ ಕೊಟ್ಟ.